ನೇತ್ರಾಣಿ ಎಂಬ ನೀರೊಳಗಿನ ಕಾಡು

ನಮ್ಮ ಕಡೆ ಹವಳ ಅಂದರೆ ಉಂಗುರ. ಜಾತಕದಲ್ಲಿ ಕುಜ ಸರಿ ಇಲ್ಲ ಅಂತ ಜೋಯಿಸರು ಹೇಳಿದರೆ ಬೆರಳಿಗೆ ಒಂದು ಕೆಂಪು ಹವಳ. ಇಲ್ಲದಿದ್ದರೆ ಅಜ್ಜಿ ಕಾಲದ ಸರದಲ್ಲಿ ಕರಿಮಣಿಯ ನಡುನಡುವೆ ಕೂತ ಕೆಂಪು ಮಣಿ. ಅದರಾಚೆಗೆ ಹವಳಕ್ಕೂ ನಮಗೂ ಸಂಬಂಧವಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ನಡುವಿನ ಉಡಿಗಾಲದಲ್ಲಿ ಹುಟ್ಟಿದವರಿಗೆ ಅರಿಶಿನ ಗೊತ್ತು, ಸೂರ್ಯಕಾಂತಿ ಗೊತ್ತು, ತೆರಕಣಾಂಬಿ ಮಾರ್ಕೆಟ್ಟಿನ ತರಕಾರಿ ರೇಟು ಗೊತ್ತು. ಆನೆ, ಹುಲಿ ಸುದ್ದಿಯಂತೂ ದಿನಾ ಬೆಳಿಗ್ಗೆ ಕಾಫಿ ಜೊತೆಗೇ ಬರುತ್ತದೆ. ಸಮುದ್ರ ಮಾತ್ರ ದೂರ.

ಆದರೂ ನಾನು ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಪ್ರತಿ ವರ್ಷ ಯಾವುದಾದರೂ ಒಂದು ಮಗು ಎದ್ದು ನಿಂತು, “ಮಿಸ್, ಹವಳ ಕಲ್ಲಾ? ಗಿಡವಾ?” ಅಂತ ಕೇಳುತ್ತಿತ್ತು. ಪ್ರಾಣಿ ಕಣಪ್ಪಾ ಅಂದರೆ ಇಡೀ ತರಗತಿ ನಗುತ್ತಿತ್ತು. ಬೋರ್ಡಿನ ಮೇಲೆ ಪಾಲಿಪ್ ಚಿತ್ರ ಬರೆದು, ಬಾಯಿ, ಅದರ ಸುತ್ತ ಬೆರಳಿನಂಥ ಸ್ಪರ್ಶಾಂಗಗಳು ಅಂತ ಗುರುತು ಮಾಡಿ ತೋರಿಸುತ್ತಿದ್ದೆ. ಅವರು ನೋಟ್ಸಿಗೆ ಇಳಿಸಿಕೊಳ್ಳುತ್ತಿದ್ದರು. ಅಲ್ಲಿಗೆ ಪಾಠ ಮುಗಿಯುತ್ತಿತ್ತು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಉಂಗುರದ ಕೆಂಪು ಹವಳಕ್ಕೂ ದಿಬ್ಬ ಕಟ್ಟುವ ಹವಳಕ್ಕೂ ವ್ಯತ್ಯಾಸವಿದೆ. ಆಭರಣದ ಹೆಸರಾಂತ ಕೆಂಪು ಹವಳ ಬರುವುದು ಮೆಡಿಟರೇನಿಯನ್ ಸಮುದ್ರದಿಂದ. ಇಟಲಿಯ ನೇಪಲ್ಸ್ ಹತ್ತಿರದ ತೊರ್ರೆ ದೆಲ್ ಗ್ರೆಕೊ ಎಂಬ ಊರಿನವರಿಗೆ ಅದನ್ನು ಕೆತ್ತುವುದೇ ಕಸುಬು. ನಮ್ಮ ಸಮುದ್ರದ ದಿಬ್ಬಗಳಲ್ಲಿರುವುದು ಬೇರೆ ಜಾತಿ. ಅದನ್ನು ಮುರಿದು ತಂದರೆ ಬೆರಳಿಗೆ ಉಂಗುರ ಬರುವುದಿಲ್ಲ, ಕೈಗೆ ಕೋಳ ಬರುತ್ತದೆ.

ನಿವೃತ್ತಿಯಾದ ಮೇಲೆ ಮಗಳು ಕೇಳಿದಳು, “ಅಮ್ಮಾ, ಎಲ್ಲಿಗೆ ಹೋಗ್ಬೇಕು ಹೇಳು, ಕಾಶಿಗಾ?” ಹವಳ ತೋರಿಸು ಅಂದೆ. ಲಕ್ಷದ್ವೀಪ, ಅಂಡಮಾನ್ ಅಂತ ಲೆಕ್ಕ ಹಾಕಿದವಳು ಕೊನೆಗೆ ನಮ್ಮ ರಾಜ್ಯದಲ್ಲೇ ಇದೆ ನಡಿ ಅಂದಳು. ಹಾಗೆ ಹೊರಟಿದ್ದು ಭಟ್ಕಳ ತಾಲ್ಲೂಕಿನ ಮುರುಡೇಶ್ವರಕ್ಕೆ, ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ. ನಾನು, ಮಗಳು, ನಮ್ಮಣ್ಣ, ಅಣ್ಣನ ಮಗ. ಅಣ್ಣ ಊರು ಬಿಟ್ಟು ಬರುವವನೇ ಅಲ್ಲ. ಮುರುಡೇಶ್ವರದಲ್ಲಿ ಈಶ್ವರ ಇದ್ದಾನೆ ಅಂದದ್ದಕ್ಕೆ ಒಪ್ಪಿದ.

ಪ್ರಯಾಣದ್ದು ಹೆಚ್ಚು ಹೇಳುವಂಥದ್ದೇನಿಲ್ಲ. ಮೈಸೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಮಂಗಳೂರು, ಉಡುಪಿ ದಾಟಿ ಮಾರನೆಯ ದಿನ ಮುರುಡೇಶ್ವರ. ಸಂಜೆ ದೇವರ ದರ್ಶನವಾಯಿತು. 123 ಅಡಿಯ ಶಿವನ ಕೆಳಗೆ ನಿಂತು ಎಲ್ಲರಂತೆ ನಾವೂ ಫೋಟೊ ತೆಗೆಸಿಕೊಂಡೆವು. ಅಣ್ಣನ ಕಣ್ಣು ಮಾತ್ರ ದೇವರಿಗಿಂತ ಹೆಚ್ಚಾಗಿ ಬಲೆ ಸರಿಮಾಡುತ್ತಿದ್ದ ಮೀನುಗಾರರ ಮೇಲೇ ಇತ್ತು. ಕಳೆ ತೆಗೆಯುವವರ ಹಾಗೇ ಬಗ್ಗಿಕೊಂಡು ಕೆಲಸ ಮಾಡ್ತಾರೆ ನೋಡವ್ವ ಅಂದ.

ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ಬೋಟಿನಲ್ಲಿ ಒಂದೂವರೆ ಗಂಟೆ. ಡಿಸೆಂಬರ್ ಆದ್ದರಿಂದ ಸಮುದ್ರ ಶಾಂತವಾಗಿತ್ತು ಅಂತ ಬೋಟಿನವರು ಹೇಳಿದರು. ನನ್ನ ಹೊಟ್ಟೆ ಒಪ್ಪಲಿಲ್ಲ. ಬೆಳಿಗ್ಗೆ ಎರಡೇ ಇಡ್ಲಿ ತಿನ್ನಿ ಅಂತ ಹೇಳಿದ್ದರು, ಆ ಎರಡೂ ಉಳಿಯಲಿಲ್ಲ. ಅಣ್ಣ ಜೇಬಿನಿಂದ ನಿಂಬೆಹಣ್ಣು ತೆಗೆದುಕೊಟ್ಟ. ಮಲೆ ಮಾದಪ್ಪನ ಬೆಟ್ಟದ ಬಸ್ಸಿಗೆ ಹತ್ತುವಾಗಿನ ಅಭ್ಯಾಸ ಸಮುದ್ರದಲ್ಲೂ ಉಪಯೋಗಕ್ಕೆ ಬಂತು.

ದ್ವೀಪ ಹತ್ತಿರವಾದಾಗ ಕಾಣುವುದು ಕಡಿದಾದ ಬಂಡೆಯ ಗೋಡೆ, ಅದರ ಮೇಲೆ ದಟ್ಟ ಹಸಿರು. ಮೇಲಿಂದ ನೋಡಿದರೆ ಹೃದಯದ ಆಕಾರ ಅನ್ನುತ್ತಾರೆ, ನೀರಿನ ಮಟ್ಟದಲ್ಲಿ ಕೂತವರಿಗೆ ಅದೇನೂ ತಿಳಿಯುವುದಿಲ್ಲ. ಬ್ರಿಟಿಷರು ಇದನ್ನು ಪಿಜನ್ ಐಲ್ಯಾಂಡ್, ಅಂದರೆ ಪಾರಿವಾಳದ ದ್ವೀಪ ಅಂತ ಕರೆದಿದ್ದರು. ನಮ್ಮ ತಲೆಯ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಎರಡು ಸುತ್ತು ಹೊಡೆಯಿತು. ಅವುಗಳ ಗೂಡು ಇಲ್ಲಿವೆ. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದೂ, ಪರಿಸರದವರು ಅದನ್ನು ವಿರೋಧಿಸಿದ್ದೂ ಪತ್ರಿಕೆ ಓದುವವರಿಗೆ ನೆನಪಿರಬಹುದು. ಪ್ರವಾಸಿಗರನ್ನು ದ್ವೀಪದ ಮೇಲೆ ಇಳಿಸುವುದಿಲ್ಲ. ಮೀನುಗಾರರು ಹೋಗುತ್ತಾರೆ. ಮೇಲೆ ಜಟ್ಟಿಗ ದೇವರಿದ್ದಾನೆ. ಸಮುದ್ರದಲ್ಲಿ ಕಷ್ಟ ಬಂದಾಗ ಹರಕೆ ಹೊತ್ತವರು ಆಡನ್ನು ತಂದು ಜೀವಂತ ಬಿಟ್ಟು ಹೋಗುತ್ತಾರಂತೆ. ಹಿಂದೂಗಳಷ್ಟೇ ಅಲ್ಲ, ಮುಸ್ಲಿಮರೂ ಕ್ರೈಸ್ತರೂ ಈ ದ್ವೀಪಕ್ಕೆ ನಡೆದುಕೊಳ್ಳುತ್ತಾರೆ. ಕಾಡಿನ ದೇವರಾದರೇನು, ಕಡಲಿನ ದೇವರಾದರೇನು, ಹರಕೆಯ ಭಾಷೆ ಒಂದೇ. ಅಣ್ಣ ಬೋಟಿನಲ್ಲೇ ನಿಂತು ಕೈಮುಗಿದ.

ನಮ್ಮ ಕರಾವಳಿ ಮುನ್ನೂರು ಕಿಲೋಮೀಟರಿಗೂ ಹೆಚ್ಚಿದೆ. ಹವಳ ಯಾಕೆ ಮುಖ್ಯವಾಗಿ ಈ ದ್ವೀಪದ ಸುತ್ತ? ದಿಬ್ಬ ಕಟ್ಟುವ ಹವಳಕ್ಕೆ ತಿಳಿನೀರು ಬೇಕು, ಬಿಸಿಲು ಬೇಕು. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡುತ್ತದೆ. ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸಿ ಹೆಚ್ಚಿನ ಪಾಲನ್ನು ಹವಳಕ್ಕೆ ಕೊಡುತ್ತದೆ, ಹವಳ ಅದಕ್ಕೆ ಜಾಗ ಕೊಡುತ್ತದೆ. ವಾರದ ಜಮೀನಿನ ಹಾಗೆ, ಒಬ್ಬರದು ಭೂಮಿ, ಇನ್ನೊಬ್ಬರದು ದುಡಿಮೆ. ಹವಳಕ್ಕೆ ಬಣ್ಣ ಕೊಡುವುದರಲ್ಲೂ ಆ ಪಾಚಿಯ ಪಾಲು ದೊಡ್ಡದು. ನಮ್ಮ ಕರಾವಳಿಯಲ್ಲಾದರೋ ಮಳೆಗಾಲ ಬಂತೆಂದರೆ ಕಾಳಿ, ಶರಾವತಿ, ನೇತ್ರಾವತಿಗಳು ಘಟ್ಟದ ಮಣ್ಣನ್ನೆಲ್ಲ ಹೊತ್ತು ತಂದು ಸುರಿಯುತ್ತವೆ. ದಡದ ಹತ್ತಿರ ನೀರು ಕದಡಿ, ಉಪ್ಪು ಕಡಿಮೆಯಾಗುತ್ತದೆ. ಅಲ್ಲಿ ಹವಳ ಬದುಕುವುದು ಕಷ್ಟ. ನೇತ್ರಾಣಿ ದೂರದಲ್ಲಿ ಇರುವುದೇ ಅದಕ್ಕೆ ಒಳ್ಳೆಯದಾಯಿತು. ಲಕ್ಷದ್ವೀಪದ ಹಾಗೆ ಇಡೀ ದ್ವೀಪವೇ ಹವಳದ್ದಲ್ಲ ಇದು. ಕಲ್ಲಿನ ದ್ವೀಪ, ಅದರ ಬುಡದ ಬಂಡೆಗಳ ಮೇಲೆ ಅಲ್ಲಲ್ಲಿ ಹವಳ.

ಮಕ್ಕಳಿಬ್ಬರು ಸಿಲಿಂಡರ್ ಕಟ್ಟಿಕೊಂಡು ಇಳಿದರು. ಬೋಟಿನಲ್ಲೇ ಅರ್ಧ ಗಂಟೆ ಪಾಠ. ಬಾಯಿಯಲ್ಲೇ ಉಸಿರಾಡಬೇಕು. ಕಿವಿ ನೋವು ಬಂದರೆ ಮೂಗು ಹಿಡಿದು ಮೆಲ್ಲಗೆ ಊದಬೇಕು. ಹೆಬ್ಬೆರಳು ಮೇಲೆತ್ತಿದರೆ ‘ಸೂಪರ್’ ಅಂತ ಅಲ್ಲ, ‘ಮೇಲಕ್ಕೆ ಕರಕೊಂಡು ಹೋಗಿ’ ಅಂತ. ಚೆನ್ನಾಗಿದೆ ಅನ್ನಬೇಕಾದರೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಅಣ್ಣನ ಮಗ ಖುಷಿಗೆ ಹೆಬ್ಬೆರಳು ಎತ್ತಿ ಎತ್ತಿ ಎರಡು ಸಲ ಮೇಲೆ ಬಂದ! ಈಜು ಬರದಿದ್ದರೂ ನಡೆಯುತ್ತದೆ, ಪ್ರತಿಯೊಬ್ಬರನ್ನೂ ಒಬ್ಬ ತರಬೇತುದಾರ ಹಿಡಿದುಕೊಂಡೇ ಇರುತ್ತಾರೆ.

ನನಗೆ ಬಿಪಿ ಇರುವುದರಿಂದ ಸಿಲಿಂಡರ್ ಬೇಡ ಅಂದರು. ಲೈಫ್ ಜಾಕೆಟ್ ಹಾಕಿ, ಮುಖಕ್ಕೆ ಕನ್ನಡಕ, ಬಾಯಿಗೆ ಕೊಳವೆ ಕೊಟ್ಟು ನೀರಿನ ಮೇಲೆ ಬೋರಲು ಮಲಗಿಸಿದರು. ಪಕ್ಕದಲ್ಲಿ ಒಬ್ಬ ಹುಡುಗ ನನ್ನ ಕೈ ಹಿಡಿದಿದ್ದ. ಮೊದಲ ಎರಡು ನಿಮಿಷ ನನ್ನ ಉಸಿರಿನ ಸದ್ದೇ ನನಗೆ ಹೆದರಿಕೆ. ಆಮೇಲೆ ಕಣ್ಣು ಪಳಗಿತು.

ಕೆಳಗೆ ಬಂಡೆಯ ಮೇಲೆ ಗುಂಡನೆಯ ಹವಳ. ನಮ್ಮ ಮನೆ ಮುಂದಿನ ರಾಗಿ ಕಲ್ಲಿನಷ್ಟು ಇರಬಹುದು. ಮೈಯೆಲ್ಲ ಕಂದು, ಅಲ್ಲಲ್ಲಿ ಹಸಿರು ಛಾಯೆ. ಇನ್ನೊಂದರ ಮೇಲೆ ಮಿದುಳಿನಂತೆ ಸುರುಳಿ ಸುರುಳಿ ಗೆರೆ. ಟಿವಿಯಲ್ಲಿ ತೋರಿಸುವಷ್ಟು ಝಗಮಗ ಬಣ್ಣ ಏನಿಲ್ಲ, ಹಾಗೆ ನಿರೀಕ್ಷಿಸಿ ಹೋಗಬೇಡಿ. ಆದರೆ ಅದರ ಸುತ್ತ ಇರುವ ಓಡಾಟ ನೋಡಬೇಕು. ಹಳದಿ ಚಿಟ್ಟೆಮೀನುಗಳು ಜೋಡಿ ಜೋಡಿಯಾಗಿ. ಗಿಳಿಮೀನೊಂದು ಕೊಕ್ಕಿನಂಥ ಬಾಯಿಂದ ಕಲ್ಲನ್ನು ಕೆರೆದು ತಿನ್ನುತ್ತಿತ್ತು, ಕೆರೆಯುವ ಸದ್ದು ನೀರಿನಲ್ಲಿ ಕೇಳುತ್ತದೆ. ಅದು ತಿಂದ ಕಲ್ಲು ಹಿಂದಿನಿಂದ ಮರಳಾಗಿ ಬರುತ್ತದೆ ಅಂತ ಪಾಠದಲ್ಲಿ ಹೇಳಿದ್ದೆ, ಅವತ್ತು ಕಣ್ಣಾರೆ ನೋಡಿದೆ. ಸಂದಿಯಿಂದ ಹಾವಿನಂಥ ಮೀನು ತಲೆ ಹೊರಗೆ ಹಾಕಿ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಜಗತ್ತಿನ ಸಮುದ್ರತಳದಲ್ಲಿ ಹವಳದ ದಿಬ್ಬಗಳು ನೂರಕ್ಕೆ ಒಂದು ಪಾಲೂ ಇಲ್ಲ, ಆದರೆ ಕಡಲಜೀವಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಅವೇ ಆಸರೆ. ಆ ಒಂದು ಕಲ್ಲಿನ ಸುತ್ತಲೇ ಅದು ಗೊತ್ತಾಗುತ್ತದೆ.

ಇಂಥ ಗುಂಡು ಹವಳ ಬೆಳೆಯುವುದು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು. ನಾನು ನೋಡಿದ ಕಲ್ಲು ನನಗಿಂತ ಹಿರಿಯದೇ ಇರಬೇಕು.

ಮೇಲೆ ಬಂದಾಗ ಇನ್ನೊಂದು ನೋಟ ಕಂಡಿತು. ನಮ್ಮ ಬೋಟನ್ನು ತೇಲುವ ಡ್ರಮ್ಮಿಗೆ ಹಗ್ಗದಿಂದ ಕಟ್ಟಿದ್ದರು. ಡ್ರಮ್ಮಿನ ಹಗ್ಗ ಕೆಳಗೆ ಖಾಯಂ ಆಗಿ ಇಳಿಬಿಟ್ಟ ಒಂದು ಭಾರಕ್ಕೆ ಕಟ್ಟಿದೆ. ಸ್ವಲ್ಪ ಹೊತ್ತಿಗೆ ಬೇರೊಂದು ಬೋಟು ಬಂತು. ಕಟ್ಟಲು ಜಾಗ ಕಾಣಲಿಲ್ಲವೋ, ಪುರುಸೊತ್ತಿರಲಿಲ್ಲವೋ, ಕಬ್ಬಿಣದ ಲಂಗರನ್ನು ಎತ್ತಿ ದುಡುಂ ಅಂತ ಹಾಕಿದರು. ಎಲ್ಲಿ ಬಿತ್ತೋ ನನಗೆ ಕಾಣಲಿಲ್ಲ. ನನ್ನ ಕೈ ಹಿಡಿದಿದ್ದ ಹುಡುಗ ಮುಖ ಸಿಂಡರಿಸಿದ. ಲಂಗರು ಮರಳಿನ ಮೇಲೆ ಬಿದ್ದರೆ ಏನೂ ಇಲ್ಲ. ಹವಳದ ಮೇಲೆ ಬಿದ್ದರೆ ಎಪ್ಪತ್ತು ವರ್ಷದ ಬೆಳೆ ಒಂದು ನಿಮಿಷಕ್ಕೆ ಪುಡಿ. ಬೋಟು ಅಲೆಗೆ ತೂಗಿದಂತೆಲ್ಲ ಸರಪಳಿ ಸುತ್ತಲಿನದನ್ನೂ ಉಜ್ಜುತ್ತದೆ.

ಕಾನೂನಿನ ಪ್ರಕಾರ ಹವಳ ಸಾಮಾನ್ಯ ವಸ್ತುವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲಿನಲ್ಲಿ ಹುಲಿ ಇದೆ, ಆನೆ ಇದೆ, 2001ರಿಂದ ದಿಬ್ಬ ಕಟ್ಟುವ ಹವಳವೂ ಇದೆ. ಮುರಿದು ತಂದರೆ ಮೂರರಿಂದ ಏಳು ವರ್ಷ ಜೈಲು. ಬಂಡೀಪುರದ ಹುಲಿಗೂ ನೇತ್ರಾಣಿಯ ಈ ಗುಂಡು ಕಲ್ಲಿಗೂ ಕಾನೂನಿನಲ್ಲಿ ಒಂದೇ ಪಂಕ್ತಿ. ಆದರೆ ಬಂಡೀಪುರದಲ್ಲಿ ಚೆಕ್‌ಪೋಸ್ಟ್ ಇದೆ, 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಹೆದ್ದಾರಿಯನ್ನೇ ಮುಚ್ಚುತ್ತಾರೆ. ಇಲ್ಲಿ ನೀರಿಗೆ ಗೇಟು ಎಲ್ಲಿ ಹಾಕುವುದು?

ನಾನು ಇದನ್ನೆಲ್ಲ ಯೋಚಿಸುವ ಹೊತ್ತಿಗೆ ಅಣ್ಣ ಬೋಟು ನಡೆಸುವವರ ಜೊತೆ ಮಾತಿಗೆ ಕೂತಿದ್ದ. ಇಬ್ಬರದೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಅವರು ಮೊದಲು ಮೀನಿಗೆ ಹೋಗುತ್ತಿದ್ದವರು, ಈಗ ಸೀಸನ್ನಿನಲ್ಲಿ ಪ್ರವಾಸಿಗರ ಬೋಟು, ಉಳಿದಂತೆ ಮೀನು.

“ಇಲ್ಗೆ ಫಾರೆಸ್ಟ್‌ನೋರು ಬರಕಿಲ್ವಾ?” ಅಂದ ಅಣ್ಣ.

“ಇನ್ನು ಬರ್ತಾರೆ ಅಣ್ಣಾ,” ಅಂದರು ಅವರು. ನಕ್ಕರು, ಆದರೆ ನಗು ಪೂರ್ತಿ ಇರಲಿಲ್ಲ. ಹೊನ್ನಾವರದ ಅಪ್ಸರಕೊಂಡ ಕಡೆ ಸಮುದ್ರದಲ್ಲೇ ವನ್ಯಧಾಮದ ವಿಚಾರ ಬಂದಾಗಿನಿಂದ ಇಲ್ಲಿಯವರಿಗೂ ಅದೇ ಮಾತಂತೆ. “ಹವಳ ಉಳೀಬೇಕು, ನಾವು ಬೇಡ ಅಂತೇವಾ? ಕಲ್ಲಿದ್ರೆ ಮೀನು, ಮೀನಿದ್ರೆ ನಾವು. ಆದ್ರೆ ನಾಳೆ ಬಂದು ಇಲ್ಲಿಂದಾಚೆ ಬಲೆ ಹಾಕ್ಬೇಡ ಅಂದ್ರೆ ಎಲ್ಲಿಗೆ ಹೋಗೂದು? ಸಮುದ್ರದಲ್ಲಿ ಗೆರೆ ಕಾಣ್ತದಾ?”

ಅಣ್ಣ ತಕ್ಷಣ ಏನೂ ಹೇಳಲಿಲ್ಲ. ಅತ್ತಿಗೆಯ ತವರಿನ ಕಡೆಯಿಂದ ಅವನಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕೆಳಗೆ ಎರಡು ಎಕರೆ ಜಮೀನಿದೆ. ಅಲ್ಲಿ ಬಾಳೆ ಹಾಕಿದ ವರ್ಷ ಆನೆ ಬಂದು ಒಂದೇ ರಾತ್ರಿಗೆ ಮುಗಿಸಿ ಹೋಗಿತ್ತು. ಪರಿಹಾರದ ಅರ್ಜಿ ಹಿಡಿದು ಅವನು ಅಲೆದದ್ದು ನಮ್ಮ ಮನೆಯಲ್ಲಿ ದೊಡ್ಡ ಕತೆ. ಆದರೂ ಅವನು ಆನೆಯನ್ನು ಬೈಯುವುದಿಲ್ಲ. “ಅದ್ಕೂ ಒಟ್ಟೆ ಅಲ್ವಾ,” ಅನ್ನುತ್ತಾನೆ. ಬೈಯುವುದು ಬೇರೆಯದಕ್ಕೆ. ಅಂದು ಬೋಟಿನಲ್ಲಿ ಅದನ್ನೇ ಹೇಳಿದ: “ಕಾಡು ಉಳುಸ್ಬ್ಯಾಡಿ ಅಂತ ನಾವ್ಯಾವತ್ತೂ ಅಂದಿಲ್ಲ ಕನಣ್ಣ. ಗೆರೆ ಎಳ್ಯಕ್ಕೆ ಮುಂಚೆ ನಮ್ಮುನ್ನೂ ಒಂದ್ಮಾತು ಕೇಳ್ಬೇಕಿತ್ತು, ಅಷ್ಟೇಯ.”

ಕಾಡಿನ ಅಂಚಿನವನೊಬ್ಬ, ಕಡಲಿನ ಅಂಚಿನವನೊಬ್ಬ. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ವಿಜ್ಞಾನದ ಟೀಚರ್ ಆಗಿ ನನಗೆ ಹವಳದ ಪಕ್ಷವೇ ಸರಿ ಅನ್ನಿಸುತ್ತದೆ. ತಂಗಿಯಾಗಿ ಅಣ್ಣನ ಮಾತು ತಳ್ಳಿಹಾಕಲು ಆಗುವುದಿಲ್ಲ.

ಊರಿಗೆ ಬಂದ ಮೇಲೆ ಬೇರೆ ಕಡೆ ಏನಾಗಿದೆ ಅಂತ ಹುಡುಕಿ ಓದಿದೆ. ನಮಗೆ ಹತ್ತಿರದ್ದು ಮಹಾರಾಷ್ಟ್ರದ ಮಾಲ್ವಣ. ಸಿಂಧುದುರ್ಗ ಕೋಟೆಯ ಸುತ್ತಲಿನ 29.12 ಚದರ ಕಿಲೋಮೀಟರ್ ಸಮುದ್ರವನ್ನು 1987ರಲ್ಲೇ ಅಭಯಾರಣ್ಯ ಮಾಡಿದರು. ಹವಳ ಇರುವ ಜಾಗ. ಆದರೆ ಸ್ಥಳೀಯ ಮೀನುಗಾರರು ಮೊದಲಿನಿಂದಲೂ ವಿರೋಧಿಸುತ್ತ ಬಂದಿದ್ದಾರೆ. ಕಾಗದದ ಮೇಲೆ ಗೆರೆ ಇದ್ದರೂ ನೀರಿನ ಮೇಲೆ ಅದು ಗಟ್ಟಿಯಾಗಿ ನಿಲ್ಲಲೇ ಇಲ್ಲ.

ತಮಿಳುನಾಡಿನ ಮನ್ನಾರ್ ಖಾರಿಯ ಕತೆ ಇನ್ನೂ ದೊಡ್ಡದು. ರಾಮೇಶ್ವರಕ್ಕೆ ಹೋದವರು ಪಾಂಬನ್ ಸೇತುವೆ ನೋಡಿರುತ್ತೀರಿ. ಅಲ್ಲಿಂದ ತೂತುಕುಡಿಯವರೆಗೆ 21 ದ್ವೀಪಗಳು, ಅವುಗಳ ಸುತ್ತ ಹವಳ. ಹಿಂದೆ ಆ ಹವಳವನ್ನು ಕಲ್ಲಿನ ಕ್ವಾರಿಯಂತೆ ಒಡೆದು ಸುಣ್ಣಕ್ಕೆ, ಕಾರ್ಖಾನೆಗೆ ಸಾಗಿಸಿದರು. ಅಲೆಗೆ ಅಡ್ಡ ನಿಂತ ಗೋಡೆಯನ್ನೇ ಕಿತ್ತ ಮೇಲೆ ಮಣ್ಣು ನಿಲ್ಲುವುದೆಲ್ಲಿ? 21ರಲ್ಲಿ ಎರಡು ದ್ವೀಪಗಳು ನೀರಿನಡಿ ಹೋದವು. 1986ರಲ್ಲಿ 560 ಚದರ ಕಿಲೋಮೀಟರನ್ನು ಸಾಗರ ರಾಷ್ಟ್ರೀಯ ಉದ್ಯಾನ ಮಾಡಿದ್ದು ಬಹಳ ಅಗತ್ಯವೇ ಇತ್ತು. ಆದರೆ ಅದೇ ದ್ವೀಪಗಳ ಸುತ್ತ ಮುಳುಗಿ ಕಡಲಪಾಚಿ ಕಿತ್ತು ಮಾರಿ ಜೀವನ ಮಾಡುತ್ತಿದ್ದ ಸಾವಿರಾರು ಹೆಂಗಸರು ಒಂದೇ ಏಟಿಗೆ ಕಾನೂನು ಮುರಿಯುವವರಾದರು. ಸೀರೆಯ ಮೇಲೆ ಅಂಗಿ ತೊಟ್ಟು, ಬೆರಳಿಗೆ ಬಟ್ಟೆ ಸುತ್ತಿ, ಕಾಲಿಗೆ ಚಪ್ಪಲಿ ಬಿಗಿದು ಸಮುದ್ರಕ್ಕೆ ಧುಮುಕುವವರು ಅವರು. ಸಿಲಿಂಡರ್ ಇಲ್ಲ, ತರಬೇತುದಾರ ಇಲ್ಲ.

ಅವರು ಸಂಘ ಕಟ್ಟಿದರು. ತಿಂಗಳಿಗೆ 12 ದಿನ ಮಾತ್ರ ಪಾಚಿಗೆ ಹೋಗುವುದು, ಅದು ಬೆಳೆಯುವ ಕಾಲದಲ್ಲಿ ಪೂರ್ತಿ ರಜೆ ಅಂತ ತಾವೇ ನಿಯಮ ಮಾಡಿಕೊಂಡರು. ಅದರ ಮುಂದಾಳು, ಪಾಂಬನ್ ಹತ್ತಿರದ ಚಿನ್ನಪಾಲಂನ ಲಕ್ಷ್ಮಿ ಅವರಿಗೆ 2015ರಲ್ಲಿ ಅಮೆರಿಕದ ಸೀಕಾಲಜಿ ಪ್ರಶಸ್ತಿ ಬಂತು. ಶಾಲೆ ಕಲಿತವರಲ್ಲ, ಏಳನೆಯ ವಯಸ್ಸಿನಿಂದ ನೀರಿಗಿಳಿದವರು. ಅಣ್ಣನಿಗೆ ಇದನ್ನು ಓದಿ ಹೇಳಿದೆ. “ಅಂಗೆ ಕೇಳುದ್ರೆ ಜನ ತಾವೇ ಕಾಯ್ತಾರೆ ಕನವ್ವ” ಅಂದ. ಅಂಥದ್ದು ನೇತ್ರಾಣಿಯಲ್ಲೂ ಸಾಧ್ಯ ಅಂತ ನನ್ನ ಅನಿಸಿಕೆ. ಯಾವ ಕಲ್ಲಿನ ಮೇಲೆ ಲಂಗರು ಹಾಕಬಾರದು ಅಂತ ಆ ಬೋಟಿನವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಕಟ್ಟಲು ಇನ್ನಷ್ಟು ಡ್ರಮ್ಮು ಹಾಕಿಸಿ, ಕಾಯುವ ಕೆಲಸ ಅವರಿಗೇ ವಹಿಸಿ, ಸಂಬಳ ಕೊಟ್ಟರೆ ಚೆಕ್‌ಪೋಸ್ಟ್ ಬೇಕಾಗುವುದಿಲ್ಲ. ಹೇಗೂ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳು ಮೀನಿಗೆ ಹೋಗದೆ ದಡದಲ್ಲಿರುವುದು ಅಲ್ಲಿ ರೂಢಿಯಾಗಿಬಿಟ್ಟಿದೆ. ಮೀನು ಮರಿ ಹಾಕುವ ಕಾಲ ಅಂತ ಹೇಳಿದರೆ ಒಪ್ಪುವ ಜನ, ಕಲ್ಲಿನ ವಿಷಯಕ್ಕೆ ಒಪ್ಪುವುದಿಲ್ಲವೇ?

ಒಂದು ಮಾತ್ರ ಯಾವ ಬೋಟಿನವರ ಕೈಯಲ್ಲೂ ಇಲ್ಲ. ನಾನು ನೋಡಿದ ಹವಳಗಳಲ್ಲಿ ಒಂದರ ನೆತ್ತಿ ಬೆಳ್ಳಗಿತ್ತು, ಸುಣ್ಣ ಬಳಿದ ಹಾಗೆ. ಮಗಳು ಅದನ್ನು ಚೆಂದ ಅಂದುಕೊಂಡು ಫೋಟೊ ತೆಗೆದಿದ್ದಳು. ನೀರು ಬೇಸಿಗೆಯ ವಾಡಿಕೆಗಿಂತ ಒಂದು ಡಿಗ್ರಿ ಹೆಚ್ಚು ಕಾದು, ಕೆಲವು ವಾರ ಹಾಗೇ ಇದ್ದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಒಳಗಿನ ಸುಣ್ಣದ ಮೂಳೆ ಕಾಣುತ್ತದೆ. ನೀರು ಬೇಗ ತಣ್ಣಗಾದರೆ ಪಾಚಿ ಮತ್ತೆ ಸೇರಿಕೊಳ್ಳಬಹುದು, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. 1998ರಲ್ಲಿ ಜಗತ್ತಿನ ತುಂಬ ಹೀಗಾಯಿತು, 2010ರಲ್ಲಿ ಆಯಿತು, 2014ರಿಂದ 2017ರವರೆಗೆ ಆಯಿತು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ನಾಲ್ಕನೆಯದು ನಡೆಯುತ್ತಿದೆ ಅಂತ ಘೋಷಿಸಿದರು. ಮೊದಲ ಎರಡರ ನಡುವೆ ಇದ್ದಷ್ಟು ಅಂತರ ಆಮೇಲೆ ಸಿಕ್ಕಿಲ್ಲ ಅನ್ನುವುದನ್ನು ಗಮನಿಸಿ. ಆ ಒಂದು ನೆತ್ತಿ ಬೆಳ್ಳಗಾದದ್ದು ಬಿಸಿಗೋ, ಬೇರೆ ರೋಗಕ್ಕೋ ಹೇಳುವಷ್ಟು ತಜ್ಞೆ ನಾನಲ್ಲ. ಫೋಟೊವನ್ನು ಮಾತ್ರ ನಮ್ಮ ಶಾಲೆಯ ಈಗಿನ ವಿಜ್ಞಾನದ ಟೀಚರಿಗೆ ಕಳಿಸಿದ್ದೇನೆ.

ಹೋಗಬೇಕು ಅನ್ನುವವರಿಗೆ: ಅಕ್ಟೋಬರಿನಿಂದ ಮೇ ನಡುವೆ ಹೋಗಿ, ಡಿಸೆಂಬರ್ ಜನವರಿಯಲ್ಲಿ ನೀರು ತಿಳಿಯಾಗಿರುತ್ತದೆ. ಮಳೆಗಾಲದಲ್ಲಿ ಬೋಟು ಹೊರಡುವುದಿಲ್ಲ. ಉಬ್ಬಸ, ಹೃದಯದ ತೊಂದರೆ, ಬಿಪಿ ಇದ್ದರೆ ಮುಚ್ಚಿಡಬೇಡಿ, ಡಾಕ್ಟರನ್ನು ಕೇಳಿಯೇ ಹೋಗಿ. ಸನ್‌ಸ್ಕ್ರೀನ್ ಬಳಿದುಕೊಂಡು ನೀರಿಗಿಳಿಯಬೇಡಿ. ಅದರಲ್ಲಿರುವ ಕೆಲವು ರಾಸಾಯನಿಕ ಹವಳದ ಮರಿಗಳಿಗೆ ವಿಷ ಅಂತಲೇ ಹವಾಯಿಯಲ್ಲಿ 2021ರಿಂದ ಅಂಥವುಗಳ ಮಾರಾಟಕ್ಕೆ ತಡೆಯಿದೆ. ತುಂಬುತೋಳಿನ ಬಟ್ಟೆ ಸಾಕು. ಕೆಳಗಿನ ಯಾವುದನ್ನೂ ಮುಟ್ಟಬೇಡಿ, ಅದರ ಮೇಲೆ ನಿಲ್ಲಲೇಬೇಡಿ. ಬುಕ್ ಮಾಡುವ ಮೊದಲು ಬೋಟಿನವರನ್ನು ಒಂದು ಪ್ರಶ್ನೆ ಕೇಳಿ: ಬೋಟನ್ನು ಹಗ್ಗಕ್ಕೆ ಕಟ್ಟುತ್ತೀರೋ, ಲಂಗರು ಹಾಕುತ್ತೀರೋ? ನಾಲ್ಕು ಜನ ಗಿರಾಕಿಗಳು ಕೇಳಿದರೆ ಐದನೆಯವರು ಕೇಳುವ ಮೊದಲೇ ಹಗ್ಗ ಬರುತ್ತದೆ.

ಅಣ್ಣ ಆ ಬೋಟಿನವರ ಫೋನ್ ನಂಬರ್ ಇಸಕೊಂಡು ಬಂದಿದ್ದ. ಸಂಕ್ರಾಂತಿಗೆ ಮುಂಚೆ ಐದು ಕೆಜಿ ಅರಿಶಿನದ ಕೊಂಬು ಪಾರ್ಸೆಲ್ ಮಾಡಿಸಿದ. ಮೀನಿಗೆ ಅರಿಶಿನ ಚೆನ್ನಾಗಿ ಹಿಡಿಯಿತಂತೆ, ಅವರ ಮನೆಯವರು ಫೋನಿನಲ್ಲಿ ಅತ್ತಿಗೆಗೆ ಹೇಳಿದರು. ಬೋಟಿನವರು ಅಣ್ಣನನ್ನು ಕೇಳಿದ್ದು ಬಾಳೆಯ ಪರಿಹಾರ ಬಂತೇ ಅಂತ. ಅಣ್ಣ ಅವರನ್ನು ಕೇಳಿದ್ದು, ಗೆರೆ ಎಳೆಯುವವರು ಯಾರಾದರೂ ಬಂದರೇ ಅಂತ. ಎರಡೂ ಕಡೆಯ ಉತ್ತರ ‘ಇನ್ನೂ ಇಲ್ಲ.’